ಮೇಷ್ಟ್ರ ಎಡಭುಜ ಮತ್ತು ಒಂದು ಜೇಬಿನ ಕ್ಯಾಮೆರಾ

ನಮ್ಮ ಡ್ರಾಯಿಂಗ್ ಮೇಷ್ಟ್ರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ವರ್ಷಗಟ್ಟಲೆ ಕ್ಯಾಮೆರಾ ಚೀಲ ಹೊತ್ತು ಇಳಿದುಹೋದ ಭುಜ ಅದು. ಶರ್ಟಿನ ತೋಳು ಆ ಕಡೆ ಮಾತ್ರ ಮಣಿಕಟ್ಟು ದಾಟಿ ಅಂಗೈಯವರೆಗೆ ಬರುತ್ತಿತ್ತು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾವು ಬೆನ್ನ ಹಿಂದೆ ಅವರನ್ನು ‘ತಕ್ಕಡಿ ಮೇಷ್ಟ್ರು’ ಅನ್ನುತ್ತಿದ್ದೆವು. ಅವರಿಗೂ ಗೊತ್ತಿತ್ತು. ಒಂದು ದಿನ ಬೋರ್ಡಿನ ಮೇಲೆ ದೊಡ್ಡ ತಕ್ಕಡಿ ಬರೆದು, ಒಂದು ತಟ್ಟೆಯಲ್ಲಿ ತಮ್ಮ ತಲೆ, ಇನ್ನೊಂದರಲ್ಲಿ ಕ್ಯಾಮೆರಾ ಕೂರಿಸಿ, “ಯಾವ್ದು ಭಾರ, ನೀವೇ ಹೇಳ್ರಪ್ಪ” ಎಂದು ಕೇಳಿದ್ದರು. ಇಡೀ ತರಗತಿ ತಲೆ ತಗ್ಗಿಸಿ ನಕ್ಕಿತ್ತು.

ನಾನು ಓದು ಮುಗಿಸಿ ಹಾಸನದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ಮತ್ತೆ ಸಿಕ್ಕಿದ್ದು ಭಾನುವಾರದ ಫೋಟೊ ಕೂಟದಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ನಿವೃತ್ತಿಯಾಗಿತ್ತು. ಕೂಟ ಅಂದರೆ ಹೆಚ್ಚೇನಿಲ್ಲ. ಕೆಲವು ಹವ್ಯಾಸಿಗಳು ಸೇರಿ ಚಿತ್ರ ತೆಗೆಯುವುದು, ದೋಸೆ ತಿನ್ನುವುದು, ಒಬ್ಬರ ಚಿತ್ರದಲ್ಲಿ ಇನ್ನೊಬ್ಬರು ಹುಳುಕು ಹುಡುಕುವುದು. ಯಾರಾದರೂ ಹೊಸ ಕ್ಯಾಮೆರಾ ಕೊಂಡರೆ ಅದನ್ನು ಪರೀಕ್ಷಿಸಿ ಉಳಿದವರಿಗಾಗಿ ಬರೆದು ಹಾಕುವ ಕೆಲಸ ನನ್ನದಾಗಿತ್ತು. ತಾರೀಖು ಹಾಕಿ ಎಲ್ಲವನ್ನೂ ಬರೆದಿಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಒಂದೇ ಹೂಕುಂಡವನ್ನು ಒಂದೇ ಜಾಗದಿಂದ ಮೂರು ಮೂರು ಸಲ ತೆಗೆದು, ಬಣ್ಣಕ್ಕಿಷ್ಟು, ಸ್ಪಷ್ಟತೆಗಿಷ್ಟು, ಮಂದ ಬೆಳಕಿಗಿಷ್ಟು ಎಂದು ಅಂಕ ಹಾಕುತ್ತಿದ್ದೆ. ಮೇಷ್ಟ್ರು ಅದನ್ನು ನೋಡಿದಾಗಲೆಲ್ಲ, “ಆ ಹೂಕುಂಡಕ್ಕೇ ಬೇಜಾರಾಗಿರ್ಬೇಕು ಕಣಮ್ಮಿ” ಅನ್ನುತ್ತಿದ್ದರು. ಅವರ ಪ್ರಕಾರ ಕ್ಯಾಮೆರಾ ಮನೆಗೆ ಬಂದ ನೆಂಟರ ಹಾಗೆ. “ಬಂದ್ ದಿನ ಎಲ್ರೂ ಒಳ್ಳೇವ್ರೇ. ಮೂರ್ನೇ ದಿನ ಎದ್ಮೇಲೆ ಹಾಸಿಗೆ ಸುತ್ತಿಡ್ತಾರಾ ನೋಡು.”

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ನಮ್ಮ ಕೂಟದಲ್ಲಿದ್ದರು. ಅವರಿಗೆ ಯಾರೋ ನೆಂಟರು ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಉಡುಗೊರೆ ಕೊಟ್ಟಿದ್ದರು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕದು. ಆದರೆ ಆಟಿಕೆಯಲ್ಲ, ನಮ್ಮಂಥ ಹುಚ್ಚರಿಗೆಂದೇ ಮಾಡಿದ್ದು. ಇಟ್ಟುಕೊಳ್ಳಲೋ ಬಿಡಲೋ ಪರೀಕ್ಷಿಸಿ ಹೇಳಿ ಎಂದು ಒಂದು ವಾರದ ಮಟ್ಟಿಗೆ ನನ್ನ ಕೈಗೆ ಕೊಟ್ಟರು. ಯಾವ ಹೊಸ ಸಾಮಾನಿಗೂ ಆಸೆಪಡದ ಮೇಷ್ಟ್ರು ಅದನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದರು. ಜೇಬಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹೋಟೆಲಿನ ಕನ್ನಡಿಯ ಮುಂದೆ ನಿಂತು ಜೇಬು ಉಬ್ಬಿ ಕಾಣುತ್ತದೆಯೇ ಎಂದು ಪರೀಕ್ಷಿಸಿದರು. ಪರೀಕ್ಷೆಗೆ ತಾವೂ ಜೊತೆಗೆ ಬರುವುದಾಗಿ ಹೇಳಿದರು.

ಕಾರಣ ಅವರ ಅಕ್ಕ. ಆಕೆ ಕೊಣನೂರಿನ ಹತ್ತಿರದ ಹಳ್ಳಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಮಗನ ಮನೆಯಲ್ಲಿದ್ದರು. ತಾಯಿ ಬೇಗ ತೀರಿಕೊಂಡದ್ದರಿಂದ ಮೇಷ್ಟ್ರನ್ನು ಎತ್ತಿ ಬೆಳೆಸಿದ್ದು ಅವರೇ. ಆ ತಾಯಿಯದೊಂದು ಫೋಟೊ ಇರಲಿಲ್ಲ. ಮೇಷ್ಟ್ರು ನೆನಪಿನಿಂದ ಎಷ್ಟೋ ಸಲ ಬರೆಯಲು ಕೂತು, ಕೊನೆಗೊಂದನ್ನು ತೋರಿಸಿದಾಗ ಅಕ್ಕ ಬಹಳ ಹೊತ್ತು ನೋಡಿ, “ಚೆನ್ನಾಗೈತೆ ಕಣ್ಲಾ. ಯಾರಿದು?” ಅಂದಿದ್ದರಂತೆ. ಈಗ ಅಕ್ಕನ ಹೃದಯ ಸೋತಿದೆ, ಜೋಪಾನ ಎಂದು ಹಾಸನದ ಡಾಕ್ಟರು ಹೇಳಿದ್ದರು. ಅಕ್ಕನದೂ ಒಂದು ಒಳ್ಳೆಯ ಚಿತ್ರ ಇರಲಿಲ್ಲ. ಮೇಷ್ಟ್ರು ದೊಡ್ಡ ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಆಕೆ ಸೆರಗು ಮುಖಕ್ಕೆ ಎಳೆದುಕೊಂಡು, “ಗೋಡೆಗಾ?” ಎಂದು ಕೇಳುತ್ತಿದ್ದರು. ವಯಸ್ಸಾದವರನ್ನು ಒಬ್ಬರೇ ಕೂರಿಸಿ ಪಟ ತೆಗೆದರೆ ಅದು ಹಾರ ಹಾಕಲಿಕ್ಕೇ ಎಂದು ನಮ್ಮ ಕಡೆ ಎಲ್ಲ ಮುದುಕಿಯರಿಗೂ ಗೊತ್ತು. “ಹೌದು” ಅನ್ನಲು ಮೇಷ್ಟ್ರಿಗೆ ಬಾಯಿ ಬರುತ್ತಿರಲಿಲ್ಲ. “ಇಲ್ಲ” ಅಂದರೆ ಸುಳ್ಳಾಗುತ್ತಿತ್ತು. ಪ್ರತಿಸಲವೂ ಚೀಲ ಮುಚ್ಚಿಕೊಂಡು ವಾಪಸ್ ಬರುತ್ತಿದ್ದರು.

ಆ ವಾರ ನನಗೆ ಕ್ಯಾಮೆರಾಕ್ಕಿಂತ ಮೇಷ್ಟ್ರನ್ನು ನೋಡುವುದೇ ಕೆಲಸವಾಯಿತು. ಅಡುಗೆಮನೆಯ ತಕ್ಕಡಿಯಲ್ಲಿ ಕ್ಯಾಮೆರಾ ತೂಗಿದೆ. ಎರಡು ಆಲೂಗಡ್ಡೆಯಷ್ಟು ಬಂತು. “ನಾಲ್ಕು ಆಲೂಗಡ್ಡೆ ಇದ್ದಿದ್ರೆ ಅಲುಗಾಡ್ತಿರ್ಲಿಲ್ಲ” ಎಂದು ಅವರ ಆಕ್ಷೇಪ. ಕಣ್ಣಿಗೊತ್ತಿಕೊಂಡು ನೋಡುವ ಕಿಂಡಿ ಅದರಲ್ಲಿ ಇರಲಿಲ್ಲ, ಹಿಂದಿನ ಪರದೆಯನ್ನೇ ನೋಡಬೇಕು. ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನಡುಮಧ್ಯಾಹ್ನ ಆ ಪರದೆಯಲ್ಲಿ ಏನೂ ಕಾಣದೆ ಮೇಷ್ಟ್ರು ಟವೆಲನ್ನು ತಲೆ ತುಂಬ ಹೊದ್ದು ಅದರೊಳಗೆ ಕ್ಯಾಮೆರಾ ಹಿಡಿದರು. ಕಂಡಕ್ಟರೊಬ್ಬರು ನನ್ನ ಹತ್ತಿರ ಬಂದು, ಯಜಮಾನರಿಗೆ ತಲೆ ಸುತ್ತುತ್ತಿದೆಯಾ, ನೀರು ಬೇಕಾ ಎಂದು ಮೆಲ್ಲಗೆ ಕೇಳಿದರು. ಶಾಂತಿಗ್ರಾಮದಲ್ಲಿ ಬೆಳಗಿನ ಡೈರಿಯ ಮುಂದೆ ಹಾಲಿನ ಕ್ಯಾನುಗಳ ಹೊಳಪು ಮಾತ್ರ ಚೆನ್ನಾಗಿ ಬಂತು. ಬಣ್ಣಕ್ಕೆ ನಾನು ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ಮೂರನೆಯ ದಿನ ಲೆನ್ಸ್ ಹೊರಗೆ ಬರುವಾಗ ಕರಕರ ಅಂದಿತು. ನೋಡಿದರೆ ಮೇಷ್ಟ್ರ ಜೇಬಿನಲ್ಲಿ ಕ್ಯಾಮೆರಾದ ಜೊತೆಗೆ ನಶ್ಯದ ಡಬ್ಬಿಯೂ ಇತ್ತು. ನಾನು ಬ್ರಷ್ ಹಿಡಿದು ಪುಡಿ ತೆಗೆಯುತ್ತಿದ್ದರೆ ಅವರು ಗಂಭೀರವಾಗಿ, “ಇದ್ನೂ ಬರ್ಕೊ. ನಶ್ಯ ಹಾಕೋರು ಇದ್ನ ತಗೊಬಾರ್ದು” ಅಂದರು. ಆವತ್ತಿನಿಂದ ನಶ್ಯದ ಡಬ್ಬಿ ಪಂಚೆಯ ಸೊಂಟಕ್ಕೆ ಹೋಯಿತು. ಈ ಕ್ಯಾಮೆರಾಕ್ಕಾಗಿ ಅವರು ನಶ್ಯದ ಜಾಗವನ್ನೇ ಬಿಟ್ಟುಕೊಟ್ಟದ್ದನ್ನು ನೋಡಿದಾಗಲೇ, ಅದರ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದಾರೆಂದು ನನಗೆ ಅರ್ಥವಾದದ್ದು.

ವಾಪಸ್ ಕೊಡುವ ಹಿಂದಿನ ದಿನ ಅರಕಲಗೂಡು ಬಸ್ಸು ಹತ್ತಿ, ಅಲ್ಲಿಂದ ಕೊಣನೂರಿಗೆ ಹೋದೆವು. ದಾರಿಯುದ್ದಕ್ಕೂ ಮೇಷ್ಟ್ರು ಜೇಬಿನಿಂದ ಕ್ಯಾಮೆರಾ ತೆಗೆಯುವುದನ್ನು ಅಭ್ಯಾಸ ಮಾಡಿದರು. ಮಾತಾಡುತ್ತಾ ಮಾತಾಡುತ್ತಾ ತೆಗೆಯಬೇಕು, ಕೈ ಎದೆಯ ಹತ್ತಿರವೇ ಇರಬೇಕು, ಅಕ್ಕನಿಗೆ ಗೊತ್ತಾಗಬಾರದು. ಕ್ಲಿಕ್ ಶಬ್ದವನ್ನು ನಾನು ಬಸ್ಸಿನಲ್ಲೇ ನಿಲ್ಲಿಸಿಕೊಟ್ಟೆ. ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ.

ಮನೆಯವರೆಲ್ಲ ಹೊಗೆಸೊಪ್ಪು ಕಟ್ಟಲು ಹೋಗಿದ್ದರು. ಅಕ್ಕ ಒಬ್ಬರೇ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೆಂಚಿನ ನಡುವೆ ಒಂದು ಗಾಜಿನ ಹೆಂಚು, ಅಲ್ಲಿಂದ ಬೀಳುವಷ್ಟೇ ಬೆಳಕು. ನಮಗೆ ನೀರು ಕೊಟ್ಟರು, ನನ್ನ ಊರು ಯಾವುದು, ಮದುವೆ ಯಾವಾಗ ಎಂದು ವಿಚಾರಿಸಿದರು. ಮೇಷ್ಟ್ರು ಎದುರಿಗೆ ಮಣೆ ಹಾಕಿಕೊಂಡು, ಮಳೆ, ಬೆಲೆ, ಮೊಮ್ಮಗನ ಓದು ಎಂದು ಏನೇನೋ ಮಾತು ತೆಗೆದರು. ಅಕ್ಕ ಯಾವುದಕ್ಕೋ ನಕ್ಕರು. ಮೇಷ್ಟ್ರ ಕೈ ಜೇಬಿಗೆ ಹೋಯಿತು. ಒಳ್ಳೆಯ ಗಳಿಗೆಯೇ ಅದು. ಆದರೆ ಕತ್ತಲಿದ್ದಾಗ ಫೋಕಸ್ ಹುಡುಕಲು ಆ ಕ್ಯಾಮೆರಾದ ಮುಂಭಾಗದಲ್ಲಿ ಪುಟ್ಟ ಕಿತ್ತಳೆ ದೀಪವೊಂದು ಹೊತ್ತಿಕೊಳ್ಳುತ್ತದೆ. ವಾರವೆಲ್ಲ ಬಿಸಿಲಲ್ಲೇ ಪರೀಕ್ಷಿಸಿ, ಮಂದ ಬೆಳಕಿನ ಪರೀಕ್ಷೆಯನ್ನು ಕೊನೆಗೆ ಉಳಿಸಿಕೊಂಡಿದ್ದ ನಮಗೆ ಅಂಥದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅದರ ಬೆಳಕು ಸೀದಾ ಅಕ್ಕನ ಕೆನ್ನೆಯ ಮೇಲೆ ಬಿತ್ತು.

“ಏನ್ಲಾ ಅದು, ಕೆಂಡ ಇದ್ದಂಗೈತೆ?”

ಮೇಷ್ಟ್ರು ಕೈ ಬೆನ್ನ ಹಿಂದೆ ತೆಗೆದುಕೊಂಡರು. “ಏನಿಲ್ಲ ಕಣಕ್ಕ. ಲೈಟ್ರು.”

“ಬೀಡಿ ಯಾವಾಗ ಕಲ್ತೆ? ಪಿಂಚಣಿ ಬಂದ್ಮೇಲಾ?”

ನಾನು ನಗು ತಡೆಯಲಾಗದೆ ನೀರಿನ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ಅಕ್ಕ ಮಾತ್ರ ನಗಲಿಲ್ಲ. ತಮ್ಮನ ಮುಖವನ್ನೇ ನೋಡುತ್ತಾ ಕೇಳಿದರು: “ಗೋಡೆಗಾ?”

ಮೇಷ್ಟ್ರು ಈ ಸಲ ಹೌದೆಂದು ತಲೆಯಾಡಿಸಿದರು. ಕ್ಯಾಮೆರಾವನ್ನು ಅವರೆಕಾಯಿ ಮೊರದ ಪಕ್ಕದಲ್ಲಿ ಇಟ್ಟು, “ಅವ್ವನ್ ಮೊಖ ನಂಗೆ ಮರ್ತೋಯ್ತು ಅಕ್ಕ” ಅಂದರು.

ಅಕ್ಕ ಕೈಯಲ್ಲಿದ್ದ ಕಾಯಿ ಸುಲಿದು ಮೊರಕ್ಕೆ ಹಾಕಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದರು: “ಒಬ್ಳೇ ಕೂರಕ್ಕಿಲ್ಲ ಕಣ್ಲಾ. ನೀನೂ ಬಾ, ಪಕ್ಕಕ್ಕೆ ಕೂತ್ಕೊ. ಈ ಮಗ ತೆಗೀಲಿ. ಜೋಡಿ ಪಟಕ್ಕೆ ಯಾರೂ ಆರ ಆಕಕ್ಕಿಲ್ಲ.”

ಮೇಷ್ಟ್ರು ಮಣೆ ಎಳೆದುಕೊಂಡು ಅಕ್ಕನ ಪಕ್ಕ ಕೂತರು. ನಾನು ಕ್ಯಾಮೆರಾ ಎತ್ತಿದೆ. ಅಕ್ಕ ತಮ್ಮನ ಕಡೆ ತಿರುಗಿ ನೋಡಿ, “ಭುಜ ಯಾಕ್ಲಾ ಇಂಗೆ ಇಳಿಬುಟ್ಟಿದ್ದೀಯ, ನೆಟ್ಗೆ ಕೂತ್ಕೊ” ಎಂದು ಅವರ ಎಡತೋಳನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆತ್ತಿದರು. ಮೇಷ್ಟ್ರು ಬೈಸಿಕೊಂಡ ಹುಡುಗನ ಹಾಗೆ ನಕ್ಕರು. ನಾನು ಒತ್ತಿದೆ. ಎರಡನೆಯದಕ್ಕೆ ಕಾಯುವಷ್ಟರಲ್ಲಿ ಬ್ಯಾಟರಿ ಮುಗಿಯಿತು. ಮೂರು ಸಲ ತೆಗೆಯುವ ನನ್ನ ಪದ್ಧತಿ ಅಲ್ಲಿ ನಡೆಯಲಿಲ್ಲ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು. ಇಷ್ಟು ಸಣ್ಣ ಕ್ಯಾಮೆರಾ ಕತ್ತಲಲ್ಲಿ ಬೆಳಕನ್ನು ಬಲವಂತವಾಗಿ ಹಿಗ್ಗಿಸಿದರೆ ಹಾಗಾಗುತ್ತದೆ. ಹಗಲಿಗೆ ಒಳ್ಳೆಯದು, ಜೇಬಿಗೆ ಒಳ್ಳೆಯದು, ಮನೆಯೊಳಗಿನ ಬೆಳಕಿಗೆ ನಾಲ್ಕು ಅಂಕ, ಅಲ್ಲಿ ಬಳಸದಿರುವುದು ಲೇಸು ಎಂದು ಬರೆದು ಹಾಕಿದೆ. ಮೇಷ್ಟ್ರು ಓದಿ ಫೋನ್ ಮಾಡಿದರು. “ಎಲ್ಲಾ ಸರಿಯಾಗ್ ಬರ್ದಿದ್ದೀಯ. ಆ ನಾಲ್ಕು ಅಂಕ ಕ್ಯಾಮೆರಾಗೋ, ನಮ್ಮಕ್ಕನ ಅಡುಗೆಮನೆಗೋ?” ಎಂದು ಕೇಳಿ ನಗುತ್ತಾ ಫೋನ್ ಇಟ್ಟುಬಿಟ್ಟರು. ಸ್ವಲ್ಪ ದಿನದಲ್ಲೇ ಅಂಥದೇ ಒಂದನ್ನು ತಾವೂ ಕೊಂಡರು. ಆಮೇಲೆ ಅವರು ಯಾವ ಮುದುಕಿಯನ್ನೂ ಒಬ್ಬಳನ್ನೇ ಕೂರಿಸಿ ತೆಗೆಯಲಿಲ್ಲ. ಪಕ್ಕದಲ್ಲಿ ಗಂಡ, ಗಂಡ ಇಲ್ಲದಿದ್ದರೆ ಓರಗಿತ್ತಿ, ಯಾರೂ ಸಿಗದಿದ್ದರೆ ಕರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದು ಕೂತವರು ಹಾಗೆಯೇ ಒರಗಿದ್ದರು. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಅವರು ತೆಗೆದ ಪಟ ಇದೆ. ಅವರದೊಂದು ಪಟ ಅವರ ಮನೆಯಲ್ಲಿ ಇರಲಿಲ್ಲ. ಮಗ ನನಗೆ ಫೋನ್ ಮಾಡಿದ. ನನ್ನ ಹತ್ತಿರ ಇದ್ದದ್ದು ಆ ನಾಲ್ಕು ಅಂಕದ ಚಿತ್ರ ಒಂದೇ.

ಸ್ಟುಡಿಯೋದವನು ಮನೆಗೇ ಲ್ಯಾಪ್‌ಟಾಪ್ ತಂದಿದ್ದ. ಅಕ್ಕನನ್ನು ಕತ್ತರಿಸಿ ಬದಿಗೆ ಸರಿಸಿದ. ಮೇಷ್ಟ್ರೊಬ್ಬರೇ ಉಳಿದರು. ತೋಳಿನ ಮೇಲೆ ಮಾತ್ರ ಎರಡು ಗಾಜಿನ ಬಳೆಯ ಕೈಯೊಂದು ಹಿಡಿದುಕೊಂಡೇ ಇತ್ತು. ಅದನ್ನೂ ಒಂದು ನಿಮಿಷದಲ್ಲಿ ಅಳಿಸಿಬಿಡುತ್ತೇನೆ ಅಂದ.

ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಕೊಣನೂರಿನಿಂದ ಅವರನ್ನು ಕಾರಿನಲ್ಲಿ ಜೋಪಾನವಾಗಿ ಕರೆತಂದಿದ್ದರು.

“ಕೈ ಇರ್ಲಿ ಬುಡಪ್ಪ,” ಅಂದರು. “ತೆಗುದ್ರೆ ಅವುನ್ ಭುಜ ಮತ್ತೆ ಬಿದ್ದೋಯ್ತದೆ.”

ಹಾಗೆಯೇ ಬಿಟ್ಟು ಕಟ್ಟು ಹಾಕಿಸಿದರು. ಹೊಳೆನರಸೀಪುರಕ್ಕೆ ಹೋದಾಗಲೆಲ್ಲ ನೋಡಿ ಬರುತ್ತೇನೆ. ಹತ್ತಿರ ನಿಂತರೆ ಕಾಳು ಕಾಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ, ನಗುತ್ತಿರುವ ಮೇಷ್ಟ್ರು, ಎರಡು ಭುಜವೂ ಒಂದೇ ಸಮ.