ಹತ್ತಿ ತುಂಬಿದ ವಾಚು

ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಅವರ ಮುಖದ ಮೇಲೇ ಸುಳ್ಳು ಅಂದುಬಿಡುತ್ತಿದ್ದೆ. ದೆವ್ವ, ಗಾಳಿ, ಶಕುನ ಯಾವುದಕ್ಕೂ ನಾನು ಸೊಪ್ಪು ಹಾಕಿದವಳಲ್ಲ. ಈಗಲೂ ಹಾಕುವುದಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವುದು ನನ್ನ ಕೆಲಸವೂ ಅಲ್ಲ. ಆದರೆ ನಡೆದದ್ದು ನಡೆದದ್ದೇ. ನೀವು ನಂಬಿ, ಬಿಡಿ.

ನಮ್ಮದು ಹಾವೇರಿ ಕಡೆ. ಯಜಮಾನರು ನೌಕಾಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದರು. ಹಾಗೆ ವಿಶಾಖಪಟ್ಟಣಕ್ಕೆ ಬಂದವರು ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ, ಅಲ್ಲೇ ಮಧುರವಾಡದಲ್ಲಿ ಒಂದು ಫ್ಲ್ಯಾಟು ತೆಗೆದುಕೊಂಡು ಕೂತೆವು. ಚೆನ್ನಾಗಿಯೇ ಇದ್ದೇವೆ. ಇವರಿಗೆ ಇರುವುದು ಒಂದೇ ಚಟ, ಹಳೆಯ ಪೈಲಟ್ ವಾಚು ಕೂಡಿಡುವುದು. ಸೆಲ್ ಹಾಕುವಂಥವಲ್ಲ, ಚಾವಿ ಕೊಡುವಂಥವು. ಡಯಲ್ ಅಗಲ, ಅಂಕಿ ದಪ್ಪ. ವಿಮಾನ ನಡೆಸುವವರು ಕೈಗವಸು ಹಾಕಿಕೊಂಡೇ ತಿರುಗಿಸಲಿ ಅಂತ ಚಾವಿಯ ಗುಂಡಿ ಬೆಳ್ಳುಳ್ಳಿ ಎಸಳಿನಷ್ಟು ದೊಡ್ಡದು. ಒಂದು ಚಕ್ಕುಲಿ ಡಬ್ಬಿ ತುಂಬ ಇವೆ. ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ಅವಕ್ಕೆಲ್ಲ ಚಾವಿ ಕೊಡುವವಳು ನಾನೇ. ಇವರ ಬೆರಳು ನಡುಗುತ್ತವೆ.

ಎಲ್ಲಕ್ಕಿಂತ ಮೊದಲು ಮನೆಗೆ ಬಂದದ್ದು ಒಂದು ಕರಿ ಡಯಲ್ಲಿನ ವಾಚು. ನಮ್ಮ ಮದುವೆಯಾದ ವರ್ಷ ತಂದದ್ದು. ಅದರ ಸಪ್ಪಳ ಎಷ್ಟು ಜೋರೆಂದರೆ, ಹೊಸದಾಗಿ ಬಂದಿದ್ದ ನಾನು ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತು ಮಲಗುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಅದು ನಿಂತುಹೋಯಿತು. ಅದೇ ಹೊತ್ತಿಗೆ ಇವರ ಕಿವಿಯೂ ಹೋಗುತ್ತ ಬಂತು. ಎಂಜಿನ್ನಿನ ಬುಡದಲ್ಲೇ ಸವೆದ ಕಿವಿ. ಬಲಗಿವಿಯಲ್ಲಿ ಉಳಿದ ಚೂರೂ ಹೆಚ್ಚು ದಿನ ಇರಲಿಕ್ಕಿಲ್ಲ ಅಂದರು ಡಾಕ್ಟರು.

“ಹೋಗೂದ್ರಾಗ ಅದರ ಸಪ್ಪಳ ಒಂದ್ಸಲ ಕೇಳಿದ್ರ ಸಾಕಿತ್ತು” ಅಂದರು ಇವರು.

“ನನ್ನ ಸಪ್ಪಳ ಕೇಳದಿದ್ರ ನಡೀತೈತೇನ್ರೀ?”

“ನಿಂದು ಗ್ವಾಡಿಗೂ ಕೇಳತೈತಿ.”

ನಮ್ಮ ಮಗಳನ್ನು ವಿಜಯವಾಡಕ್ಕೆ ಕೊಟ್ಟಿದ್ದೇವೆ. ಅಲ್ಲಿ ಗವರ್ನರ್‌ಪೇಟೆಯಲ್ಲಿ ಹಳೆಯ ವಾಚಿಗೆ ಕೈ ಹಚ್ಚುವ ಮುದುಕ ಒಬ್ಬನಿದ್ದಾನೆ. ಅವನಿಗೆ ಕೊಡುವಾಗ ಇವರು ಒಂದು ಹಠ ಹಿಡಿದರು. ಒಳಗಿನ ಮಷಿನ್ ಮಾತ್ರ ಅವನ ಹತ್ತಿರ ಇರಲಿ, ಡಯಲ್ಲು, ಮುಳ್ಳು, ಕೇಸು ಬಿಚ್ಚಿ ವಾಪಸ್ ಕೊಡಲಿ ಅಂತ. ಹಿಂದೊಮ್ಮೆ ಬೇರೊಬ್ಬ ರಿಪೇರಿಯವನು ಉಪಕಾರ ಮಾಡುತ್ತೇನೆಂದು ಒಂದು ಹಳೆಯ ಡಯಲ್ಲಿಗೆ ಹೊಸ ಬಣ್ಣ ಬಳಿದು, ಕೇಸನ್ನು ತಂಬಿಗೆ ಬೆಳಗಿದ ಹಾಗೆ ತಿಕ್ಕಿ ಕೊಟ್ಟಿದ್ದ. ಈ ಚಟದವರಿಗೆ ಹಾಗೆ ಮಾಡಿದರೆ ವಾಚು ಸತ್ತ ಹಾಗೆ. ಆಗ ಇವರು ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಮುದುಕ ನಕ್ಕು ಬಿಚ್ಚಿ ಕೊಟ್ಟ. ಡಯಲ್ಲು ಅಲುಗದಿರಲೆಂದು ನಾನು ಅದರ ಹಿಂದೆ ದೀಪದ ಬತ್ತಿಯ ಹತ್ತಿ ತುಂಬಿ ಮುಚ್ಚಳ ಒತ್ತಿದೆ. ಮುಳ್ಳುಗಳನ್ನು ಕುಂಕುಮದ ಭರಣಿಯಲ್ಲಿ ಹಾಕಿಟ್ಟೆ. ಆಮೇಲೆ ಬಹಳ ದಿನ ಸುದ್ದಿಯೇ ಇಲ್ಲ. ಯಾವುದೋ ಒಂದು ಭಾಗ ಸಿಗಲಿಲ್ಲವಂತೆ.

ಒಂದು ಮಧ್ಯಾಹ್ನ ಚಹಾಕ್ಕೆ ಹಾಲಿಟ್ಟಿದ್ದೆ. ಇವರು ಬಾಲ್ಕನಿಯಲ್ಲಿ ಆ ಖಾಲಿ ಕೇಸನ್ನು ಬಲಗಿವಿಗೆ ಒತ್ತಿಕೊಂಡು ಕೂತಿದ್ದರು. ಆಗಾಗ ಹಾಗೆ ಕೂಡುತ್ತಿದ್ದರು, ಅದೇನು ಹೊಸದಲ್ಲ.

“ಏ, ಬಾ ಇಲ್ಲೆ. ಓಡಾಕ ಹತ್ತೈತಿ.”

“ಹತ್ತಿ ಓಡತೈತೇನ್ರೀ? ಸುಮ್ನ ಕೂಡ್ರಿ” ಅಂತ ಕೂಗಿದೆ.

“ಕಿವುಡ ನಾನೋ ನೀನೋ? ಹಿಡಿ ಇದನ್ನ.”

ಬೈಯಬೇಕೆಂದೇ ಕಿವಿಗೆ ಹಿಡಿದೆ. ಓಡುತ್ತಿತ್ತು. ಅದೇ ಸಪ್ಪಳ. ಒಂದು ಬಡಿತ ಗಟ್ಟಿ, ಒಂದು ಮೆತ್ತಗೆ, ಕುಂಟುವವರು ಮೆಟ್ಟಿಲು ಹತ್ತಿದ ಹಾಗೆ. ಎಷ್ಟು ವಾಚುಗಳ ನಡುವೆ ಇಟ್ಟರೂ ನಾನು ಗುರುತು ಹಿಡಿಯುತ್ತೇನೆ. ಇವರ ಕೈಯಲ್ಲಿ ಬೇರೆ ವಾಚಿರಲಿಲ್ಲ, ಡಬ್ಬಿ ಒಳಗೆ ಕಪಾಟಿನಲ್ಲಿತ್ತು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು, ಏಳಲಿಲ್ಲ. ಆಮೇಲೆ ಎದ್ದು ಅಡುಗೆಮನೆಯ ಚಾಕು ತಂದು ಹಿಂದಿನ ಮುಚ್ಚಳ ಎಬ್ಬಿಸಿದೆ. ಒಳಗೆ ನಾನು ತುಂಬಿದ ಹತ್ತಿ. ಸಪ್ಪಳ ನಿಂತಿತ್ತು. ಮತ್ತೆ ತುಂಬಿ ಮುಚ್ಚಿದೆ. ಏನೂ ಇಲ್ಲ.

“ಕೆಡಿಸಿದಿ ನೋಡು” ಅಂದರು.

ದೀಪ ಹಚ್ಚುವ ಹೊತ್ತಿಗೆ ವಿಜಯವಾಡದ ಮುದುಕನ ಫೋನು ಬಂತು. “ಅಮ್ಮಗಾರೂ, ನಡುಸ್ತೋಂದಿ” ಅಂದ. ವಾಚು ಓಡುತ್ತಿದೆಯಂತೆ. ಮಧ್ಯಾಹ್ನ ಆ ಭಾಗ ಕೂಡಿಸಿದನಂತೆ, ಸ್ವಲ್ಪ ಹೊತ್ತು ಓಡಿತಂತೆ, ಅಷ್ಟರಲ್ಲಿ ಅಂಗಡಿಗೆ ಚಹಾ ಬಂತೆಂದು ತಾನೇ ನಿಲ್ಲಿಸಿದನಂತೆ. ಫೋನಿಟ್ಟು ಆ ಕೇಸನ್ನು ಮತ್ತೊಮ್ಮೆ ಕಿವಿಗೆ ಹಿಡಿದೆ.

ಆ ವಾರವೇ ರೈಲು ಹತ್ತಿದೆವು. ಮುದುಕ ನಮ್ಮ ಕಣ್ಣೆದುರೇ ಹತ್ತಿ ತೆಗೆದಿಟ್ಟು, ಮಷಿನ್ ಕೂಡಿಸಿ, ಮುಳ್ಳು ಏರಿಸಿ, ಚಾವಿ ಕೊಟ್ಟ. ಕಿವಿಗೆ ಹಿಡಿದು ತಲೆಯಾಡಿಸಿ ನನಗೆ ಕೊಟ್ಟ. ನನಗೂ ಕೇಳಿತು. ನಾನು ಇವರಿಗೆ ಕೊಟ್ಟೆ. ಬಲಗಿವಿಗೆ ಹಿಡಿದರು, ಎಡಕ್ಕೆ ಹಿಡಿದರು, ಮತ್ತೆ ಬಲಕ್ಕೆ.

“ನಿಂತೈತಿ” ಅಂದರು.

ಸೆಕೆಂಡಿನ ಮುಳ್ಳು ತಿರುಗುತ್ತಿತ್ತು. ಮುದುಕ ನನ್ನ ಮುಖ ನೋಡಿದ. ನಾನು ಇವರಿಗೆ ಮುಳ್ಳು ತೋರಿಸಿದೆ. ಅದು ಒಂದು ಸುತ್ತು ಮುಗಿಸುವವರೆಗೆ ನೋಡಿದರು. ಆಮೇಲೆ ನಕ್ಕರು. “ಇರ್ಲಿ ಬಿಡು. ನಾ ಆವತ್ತ ಕೇಳೀನಲ್ಲ.”

ಈಗ ಬೆಳಿಗ್ಗೆ ಮೊದಲ ಚಾವಿ ಅದಕ್ಕೇ. ಚಾವಿ ಕೊಟ್ಟು ಇವರ ಕೈಗೆ ಕಟ್ಟುತ್ತೇನೆ. ಓಡುತ್ತದೇನು ಅಂತ ಹುಬ್ಬು ಹಾರಿಸುತ್ತಾರೆ, ಓಡುತ್ತದೆ ಅಂತ ಗೋಣು ಹಾಕುತ್ತೇನೆ. ಅಷ್ಟರಲ್ಲೇ ಇಬ್ಬರೂ ಸುಖವಾಗಿದ್ದೇವೆ. ಖಾಲಿ ಕೇಸು ಹೇಗೆ ಓಡಿತು ಅಂತ ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಆ ಹತ್ತಿಯನ್ನು ಹೊಸೆದು ದೇವರ ಮುಂದೆ ಹಚ್ಚಿಬಿಡೋಣ ಅಂತ ಎಷ್ಟೋ ಸಲ ತೆಗೆದೆ. ಹಚ್ಚಲಿಲ್ಲ. ಮುಳ್ಳು ಇಟ್ಟಿದ್ದ ಕುಂಕುಮದ ಭರಣಿಯಲ್ಲಿ ತಂದಿಟ್ಟದ್ದು ಹಾಗೇ ಇದೆ. ಇವರು ಸ್ನಾನಕ್ಕೆ ಹೋದಾಗ ಒಂದೆರಡು ಸಲ ಕಿವಿಗೆ ಹಿಡಿದು ನೋಡಿದ್ದೂ ಉಂಟು. ಬರೀ ಹತ್ತಿ.