ನೆರೇಯ್ದಾಳ ಕೈಗುಣ

ಬನಿ ಊರಿನಲ್ಲಿ ಹುಟ್ಟಿ ಬೆಳೆದೂ ಸಿಹಿ ಮಾಡಲು ಕೈ ಹಾಕದ ಹೆಂಗಸೆಂದರೆ ನೆರೇಯ್ದಾ ಒಬ್ಬಳೇ. ಆಡಿನ ಹಾಲಿನ ಮಿಠಾಯಿಗೆ ಹೆಸರಾದ ಆ ಸೀಮೆಯಲ್ಲಿ ಅವಳು ನಡೆಸುತ್ತಿದ್ದದ್ದು ಬರೀ ಊಟದ ಮನೆ. ಬೆಳಿಗ್ಗೆ ಬೇಯಿಸಿ ಹಿಸುಕಿದ ಬಾಳೆಕಾಯಿ, ಮಧ್ಯಾಹ್ನ ಅನ್ನ, ಕಾಳು, ಮಾಂಸ. ಪಾತ್ರೆಯ ತಳಕ್ಕೆ ಹತ್ತಿದ ಗರಿಗರಿ ಅನ್ನಕ್ಕಾಗಿ, ಅವರ ಮಾತಿನಲ್ಲಿ ಕೊಂಕೊನ್‌ಗಾಗಿ, ಲಾರಿ ಡ್ರೈವರುಗಳು ಅವಳ ಅಡುಗೆಮನೆಯ ಬಾಗಿಲಲ್ಲೇ ಕಿತ್ತಾಡುತ್ತಿದ್ದರು. ಉಂಡ ಮೇಲೆ ಸಿಹಿ ಕೇಳಿದವರಿಗೆ ಮಾತ್ರ ಎದುರಿನ ಅಂಗಡಿ ತೋರಿಸುತ್ತಿದ್ದಳು.

ಕಾರಣ ಕೇರಿಗೆಲ್ಲ ಗೊತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಅಲ್ಲಿ ಮನೆಮನೆಯಲ್ಲೂ ಕೆಂಪು ಕಾಳಿನ ಪಾಯಸ ಕುದಿಯುತ್ತದೆ, ನೆರೆಮನೆಗಳಿಗೆ ಬಟ್ಟಲು ತುಂಬಿ ಹೋಗುತ್ತದೆ. ಅದನ್ನು ಮೊದಲಿಂದ ಕೊನೆಯವರೆಗೆ ಒಂದೇ ಕೈ ತಿರುಗಿಸಬೇಕು. ಎರಡನೇ ಕೈ ಸೋಕಿದರೆ ಹಾಲು ಒಡೆಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನೆರೇಯ್ದಾಳಿಗೆ ಹನ್ನೊಂದಾಗಿದ್ದಾಗ ತಾಯಿ ಎದುವಿಹೆಸ್ ಹಾಲು ಸುರಿದು, ಯಾರೋ ಕರೆದರೆಂದು ಬಾಗಿಲಿಗೆ ಹೋದಳು. ತಳ ಹಿಡಿದೀತೆಂದು ಹುಡುಗಿ ಸೌಟು ಹಿಡಿದು ನಾಲ್ಕು ಸುತ್ತು ತಿರುಗಿಸಿದಳು. ತಾಯಿ ಬಂದು ನೋಡುವಷ್ಟರಲ್ಲಿ ಪಾತ್ರೆ ತುಂಬ ನೀರು ಬೇರೆ, ಗಟ್ಟಿ ಬೇರೆ. ಬಟ್ಟಲು ಹಿಡಿದು ಬಂದಿದ್ದ ನೆರೆಯವರ ಮುಂದೆಯೇ ಎದುವಿಹೆಸ್ ಅಂದುಬಿಟ್ಟಳು, ನನ್ನ ಮಗಳ ಕೈಗುಣವೇ ಸರಿಯಿಲ್ಲ ಎಂದು.

ಪಕ್ಕದ ಮನೆಯ ತೊಮಸೀನಾಗೆ, ಊರವರು ಗೌರವದಿಂದ ದೊನ್ಯಾ ಎಂದು ಕರೆಯುತ್ತಿದ್ದ ಹೆಂಗಸಿಗೆ, ಅಷ್ಟು ಸಾಕಾಯಿತು. ವಾರದೊಳಗೆ ಆ ಮಾತು ಊರು ಸುತ್ತಿತು. ಹದಿನಾರನೇ ವಯಸ್ಸಿನಲ್ಲಿ ಮಿಠಾಯಿ ಮಾಡುವಲ್ಲಿ ಕೆಲಸ ಕೇಳಿದಾಗ ಒಡತಿ ನಕ್ಕು, ನಮ್ಮ ಹಾಲು ಒಡೆದೀತು ತಾಯಿ, ನೀನು ಬೇಡ ಎಂದು ಕಳಿಸಿದಳು. ಬರಬರುತ್ತಾ ನೆರೇಯ್ದಾ ತಾನೂ ನಂಬಿದಳು. ಎಷ್ಟೆಂದರೆ ಗಂಡ ಎವರಿಸ್ತೋನ ಕಾಫಿಗೂ ಹಾಲು ಬೆರೆಸುತ್ತಿರಲಿಲ್ಲ. ಪಾಪ, ಮದುವೆಯಾದ ದಿನದಿಂದ ಅವನು ಕರಿ ಕಾಫಿ ಕುಡಿದೇ ಬದುಕಿದ್ದ.

ಹೀಗೆ ಮೂವತ್ತನಾಲ್ಕು ವರ್ಷ ಕಳೆಯಿತು. ಈ ಸಲ ಹಬ್ಬದ ವಾರ, ಬುಧವಾರ, ಎಂಬತ್ತರ ಹತ್ತಿರದ ಎದುವಿಹೆಸ್ ಹಿತ್ತಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಕಾಳು ಆಗಲೇ ನೆನೆದಿತ್ತು. ಈ ವರ್ಷ ಬಿಡೋಣ ಎಂದು ನೆರೇಯ್ದಾ ಅಂದರೆ ಮುದುಕಿ ಒಪ್ಪಲಿಲ್ಲ. ನೀನೇ ತಿರುಗಿಸು ಎಂದು ಹಟ ಹಿಡಿದಳು.

"ಅಮ್ಮಾ, ನನ್ನ ಕೈಲಿ ಅದು ಆಗಲ್ಲ ಅಂತ ನಿಂಗೊತ್ತು. ಇನ್ನೊಂದ್ಸಲ ಕೇರಿ ಮುಂದೆ ನನ್ನ ಮಾನ ಕಳೀಬೇಡ."

ಗುರುವಾರ ಬೆಳಿಗ್ಗೆ ಮುದುಕಿ ಕುರ್ಚಿ ಎಳೆಸಿಕೊಂಡು ಒಲೆಯ ಪಕ್ಕ ಕೂತೇಬಿಟ್ಟಳು.

ರುಬ್ಬಿ ಸೋಸಿದ ಕಾಳು ಕುದಿಯತೊಡಗಿತು. ಚಕ್ಕೆ, ಲವಂಗ ಬಿತ್ತು, ಗೆಣಸು ಬಿತ್ತು, ಸಕ್ಕರೆ ಬಿತ್ತು. ನೆರೇಯ್ದಾ ಹಾಲಿನ ಪಾತ್ರೆ ಎತ್ತಿಕೊಂಡಾಗ ತಾಯಿ ತಡೆದಳು.

"ಮೊದ್ಲು ಒಂದು ಲೋಟ ಬೇರೆ ಕಾಯ್ಸಿ ನೋಡು. ಒಡೀಲಿಲ್ಲ ಅಂದ್ರೆ ಹಾಕು."

"ಯಾವಾಗ್ಲೂ ಹೀಗೆ ನೋಡ್ತೀಯಾ?"

"ನೋಡ್ತೀನಿ. ಆ ಒಂದು ವರ್ಷ ನೋಡ್ಲಿಲ್ಲ."

ಸೌಟು ನಿಲ್ಲಿಸಿದರೆ ತಳ ಹಿಡಿಯುತ್ತದೆ. ಹಾಗಾಗಿ ನೆರೇಯ್ದಾ ತಿರುಗಿಸುತ್ತಲೇ ತಾಯಿಯ ಮಾತು ಕೇಳಿಸಿಕೊಂಡಳು. ಅಂದಿನ ಹಾಲು ಹಿಂದಿನ ದಿನದ್ದು. ಸ್ವಲ್ಪ ಹುಳಿ ವಾಸನೆ ಮೂಗಿಗೆ ಬಡಿದಿತ್ತು, ಚಕ್ಕೆಯಲ್ಲಿ ಮುಚ್ಚಿಹೋಗುತ್ತದೆಂದು ಎದುವಿಹೆಸ್ ಸುರಿದಿದ್ದಳು. ಒಡೆದಾಗ ಅಷ್ಟು ಜನರೆದುರು ನಾಚಿಕೆಯಾಯಿತು, ಬಾಯಿಗೆ ಬಂದದ್ದು ಮಗಳ ಹೆಸರು.

"ಚಿಕ್ಕೋಳು, ಮರೆತ್ಬಿಡ್ತಾಳೆ ಅಂದ್ಕೊಂಡೆ. ನೀನು ಮರೀಲಿಲ್ಲ. ಆಮೇಲೆ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ ಕಣೇ."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ನಿರಾಳ. ಮೂವತ್ತನಾಲ್ಕು ವರ್ಷ ಹೊತ್ತ ಹೊರೆ ತನ್ನದಲ್ಲವೇ ಅಲ್ಲ ಎಂದು ತಿಳಿದಾಗ ನೆರೇಯ್ದಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಲೋಟದ ಹಾಲು ಕಾಯಿಸಿದಳು. ಒಡೆಯಲಿಲ್ಲ. ಪಾತ್ರೆಯ ಹಾಲಷ್ಟನ್ನೂ ಪಾಯಸಕ್ಕೆ ಸುರಿದಳು, ಕಾಯಿಹಾಲನ್ನೂ ಸುರಿದಳು. ಪಾಯಸ ಚಾಕಲೇಟಿನ ಬಣ್ಣಕ್ಕೆ ತಿರುಗಿ ಹದವಾಗಿ ಗಟ್ಟಿಯಾಗುತ್ತಾ ಬಂತು.

ಆಗ ಅವಳು ತಾಯಿಯ ಎಡಗೈ ಹಿಡಿದು ಸೌಟಿನ ಮೇಲಿಟ್ಟಳು. ಇಬ್ಬರೂ ಸೇರಿ ತಿರುಗಿಸುತ್ತಿದ್ದಾಗಲೇ ಬಟ್ಟಲು ಹಿಡಿದು ದೊನ್ಯಾ ತೊಮಸೀನಾ ಬಂದು, ಹೊಸ್ತಿಲಲ್ಲೇ ನಿಂತುಬಿಟ್ಟರು. ಎರಡು ಕೈ ಬಿದ್ದ ಪಾಯಸ ತಿನ್ನುವುದು ಹೇಗೆ ಎಂದು ಗೊಣಗಿದರು.

"ಬೇಡಾಂದ್ರೆ ಬಟ್ಟಲು ತಗೊಂಡು ಹೋಗಿ ದೊನ್ಯಾ," ಎಂದಳು ನೆರೇಯ್ದಾ. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ಇವ್ರಿಗೂ ಹೇಳು," ಎಂದಳು.

ಎದುವಿಹೆಸ್ ಸೌಟಿನ ಮೇಲಿಂದ ಕೈ ತೆಗೆಯದೆ ಹೇಳಿದಳು.

"ಅವತ್ತು ಹಾಲು ಹುಳಿಯಾಗಿತ್ತು ತೊಮಸೀನಾ. ಗೊತ್ತಿದ್ದೂ ಹಾಕ್ದೆ. ಹುಡುಗಿ ಕೈಯಲ್ಲಿ ಏನೂ ದೋಷ ಇರ್ಲಿಲ್ಲ. ಇದನ್ನೂ ಊರಿಗೆಲ್ಲ ಹೇಳು."

ತೊಮಸೀನಾ ಬಟ್ಟಲು ಮುಂದೆ ಚಾಚಿದರು. ತಿಂದರು. ಮತ್ತೆ ಚಾಚಿದರು.

ಅಂದು ಸಂಜೆ ಎವರಿಸ್ತೋ ಕಾಫಿ ಲೋಟದೊಳಗೆ ಇಣುಕಿ, ಇದೇನು ಬಣ್ಣ ಎಂದು ಕೇಳಿದ.

"ಹಾಲು ಹಾಕಿದೀನಿ. ಕುಡಿ," ಎಂದಳು ನೆರೇಯ್ದಾ.