ಬಾವ ಸವರಿದ ದಾರಿ

ನಮ್ಮ ಬಾವನಂಥ ನಿಯಮದ ಮನುಷ್ಯನನ್ನು ಕಟ್ಟಿಕೊಂಡು ಅಕ್ಕ ಹೇಗೆ ಬಾಳಿದಳೋ, ನನಗಂತೂ ಆಗುತ್ತಿರಲಿಲ್ಲ. ಜೀವನಪೂರ್ತಿ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೂ, ಒಂದು ನಾಯಿಯೂ ಓಡಾಡದ ರಸ್ತೆಯಲ್ಲಿ ಕೆಂಪು ದೀಪ ಕಂಡರೆ ಸ್ಕೂಟರ್ ನಿಲ್ಲಿಸಿ, ಹಿಂದೆ ಕೂತ ನನ್ನ ಬೈಗುಳವನ್ನು ಹಸಿರು ಬರುವವರೆಗೂ ಕೇಳಿಸಿಕೊಳ್ಳುತ್ತಿದ್ದರು. ಮೇಲಿನವರು ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು.

ಅವರ ಮನೆಯ ಪಕ್ಕದಲ್ಲೇ ಬಡಾವಣೆಯ ಪಾರ್ಕು. ಪಾರ್ಕು ಅನ್ನುವುದು ನಕ್ಷೆಯಲ್ಲಿ ಮಾತ್ರ. ಬಡಾವಣೆ ಕಟ್ಟಿದ ಬಿಲ್ಡರ್ ಮನೆಗಳನ್ನೆಲ್ಲ ಮಾರಿ ಕೈತೊಳೆದುಕೊಂಡಿದ್ದ. ಆಳೆತ್ತರದ ಕಳೆ, ಒಡೆದ ಕಮೋಡು, ಯಾರೋ ಎಸೆದ ಹಾಸಿಗೆ. ನಿವಾಸಿಗಳ ಸಂಘದವರು ವರ್ಷಗಟ್ಟಲೆ ಅದರ ಫೋಟೊ ತೆಗೆದು, ಜಾಗ ಪಾಳುಬಿದ್ದಿದೆ, ಕಾಲಿಡಲೂ ಆಗುವುದಿಲ್ಲ ಎಂದು ನಗರಸಭೆಗೆ ದೂರು ಕೊಡುತ್ತಿದ್ದರು. ದೂರು ಬರೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಳೆ ಕೀಳೋಣವೆಂದರೆ ಮಾತ್ರ ಎಲ್ಲರಿಗೂ ಸೊಂಟನೋವು.

ಅಕ್ಕನಿಗೆ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿತು. ಮೊದಲ ಕೆಲವು ತಿಂಗಳು ದಿನಾ ನಡೆಸಿದರೆ ಕಾಲು ಸರಿಹೋಗುತ್ತದೆ, ಆಮೇಲೆ ಕಷ್ಟ ಎಂದರು ಡಾಕ್ಟರು. ಮನೆಯೊಳಗೆ ನಾಲ್ಕು ಹೆಜ್ಜೆಗೊಂದು ಗೋಡೆ, ರಸ್ತೆಯಲ್ಲಿ ಬೈಕುಗಳ ಹಾವಳಿ. ಬಾವ ಕುಡುಗೋಲು ಹಿಡಿದು ಪಾರ್ಕಿಗೆ ಇಳಿದರು. ಬೇಲಿಯ ಉದ್ದಕ್ಕೂ ಕಳೆ ಸವರಿ, ಗಾಜಿನ ಚೂರು ಆರಿಸಿ, ಮಣ್ಣು ತಟ್ಟಿ ಒಂದು ದಾರಿ ಮಾಡಿದರು. ಅಕ್ಕ ಒಂದು ಕೈಯಲ್ಲಿ ಬೇಲಿ, ಇನ್ನೊಂದರಲ್ಲಿ ಗಂಡನ ತೋಳು ಹಿಡಿದು ನಡೆದಳು. ಒಂದು ದಿನ ತೋಳು ಬಿಟ್ಟಳು. ಅವತ್ತು ಬಾವ ನನಗೆ ಫೋನ್ ಮಾಡಿ ಅದನ್ನು ಹೇಳುತ್ತಾ ಮೂಗು ಸೀಟಿಕೊಂಡರು.

ಆ ವಾರವೇ ಸಂಘದ ಅಧ್ಯಕ್ಷರು ಮನೆಗೆ ಬಂದರು.

“ನಾವೇ ಕ್ಲೀನ್ ಮಾಡಿಬಿಟ್ರೆ ನಮ್ಮ ದೂರಿಗೆ ಏನ್ ಬೆಲೆ ಇರುತ್ತೆ? ಆ ಜಾಗ ಯಾರೂ ಮುಟ್ಟಬಾರ್ದು ಅಂತ ಸಂಘದಲ್ಲಿ ತೀರ್ಮಾನ ಆಗಿದೆ.”

ನಾನಾಗಿದ್ದರೆ ಕುಡುಗೋಲು ತೋರಿಸಿಯೇ ಸಾಗಹಾಕುತ್ತಿದ್ದೆ. ಬಾವ ಅದನ್ನು ತೊಳೆದು ಅಟ್ಟಕ್ಕೆ ಹಾಕಿದರು. ಬಾಯಿಗೆ ಬಂದಂತೆ ಬೈದೆ. ನಾಳೆ ಪಾರ್ಕಾದರೆ ಎಲ್ಲರಿಗೂ ಒಳ್ಳೆಯದಲ್ಲವೇ ಎಂದರು. ಕಳೆ ಮತ್ತೆ ಬೆಳೆಯಿತು. ಅಕ್ಕ ಕುರ್ಚಿ ಸೇರಿದಳು. ಡಾಕ್ಟರು ಹೇಳಿದ ತಿಂಗಳುಗಳು ಕಳೆದುಹೋದವು, ಕಾಲು ಕೊರಡಾಯಿತು. ಬಾವನನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಅಷ್ಟರಲ್ಲಿ ಬಿಲ್ಡರ್, ಪಾರ್ಕಿನ ಜಾಗವನ್ನು ಅಂಗಡಿ ಕಟ್ಟಲು ಬದಲಾಯಿಸಿಕೊಡಿ ಎಂದು ನಗರಸಭೆಗೆ ಅರ್ಜಿ ಹಾಕಿದ. ವಿಚಾರಣೆಗೆ ಇಡೀ ಸಂಘ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಯಿತು. ಬಿಲ್ಡರ್ ಕಡೆಯ ವಕೀಲ ಹೊಸದೇನೂ ತಂದಿರಲಿಲ್ಲ. ಸಂಘದ್ದೇ ಫೋಟೊ, ಸಂಘದ್ದೇ ದೂರು. ಇದನ್ನು ಯಾರಾದರೂ ಬಳಸುತ್ತೀರಾ ಎಂದು ಅಧಿಕಾರಿ ಕೇಳಿದಾಗ ಬಾವ ಒಬ್ಬರೇ ಎದ್ದು ನಿಂತರು. ಹೆಂಡತಿ ನಡೆಯುತ್ತಿದ್ದಳು, ಸಂಘದವರು ಬೇಡವೆಂದರು ಎಂದರು. ಬೇಕೆಂದೇ ಪಾಳುಬಿಟ್ಟೆವು ಎಂದು ಒಪ್ಪಿಕೊಂಡರೆ ಸಂಘದ ಮಾನ ಹೋಗುತ್ತದಲ್ಲ. ಅಂಥ ತೀರ್ಮಾನವೇ ಆಗಿಲ್ಲ ಎಂದು ಅಧ್ಯಕ್ಷರು ಬಾವನ ಮುಖ ನೋಡದೆ ಹೇಳಿಬಿಟ್ಟರು. ಬಿಲ್ಡರ್ ಅರ್ಜಿ ಮಂಜೂರಾಯಿತು.

ಕೆಲವು ದಿನಗಳ ಮೇಲೆ ಅದೇ ಅಧ್ಯಕ್ಷರು ಮತ್ತೆ ಬಂದರು. ನಾನೂ ಅಲ್ಲೇ ಇದ್ದೆ. ಮೇಲ್ಮನವಿ ಹಾಕುತ್ತಾರಂತೆ, ಅದಕ್ಕೆ ಬಾವನ ಹೇಳಿಕೆ ಬೇಕಂತೆ. ತಾವೇ ಬರೆಸಿ ತಂದಿದ್ದರು: ನನ್ನ ಪತ್ನಿ ಪ್ರತಿದಿನ ಈ ಪಾರ್ಕಿನಲ್ಲಿ ನಡೆಯುತ್ತಾರೆ.

ಬಾವ ಓದಿ ಕಾಗದವನ್ನು ಟೀಪಾಯಿಯ ಮೇಲಿಟ್ಟರು.

“ಇದು ಸುಳ್ಳಲ್ವಾ, ಸರ್?”

ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಅಕ್ಕ ಕುರ್ಚಿಯಿಂದ ಹೇಳಿದಳು. “ಸಹಿ ಹಾಕ್ರೀ. ಕಾಗದದಲ್ಲಾದ್ರೂ ನಡೀತೀನಿ.”

ಅಧ್ಯಕ್ಷರು ತಲೆತಗ್ಗಿಸಿದರು ಎಂದು ಬರೆಯಲು ನನಗೂ ಆಸೆ. ಅವರು ಪೆನ್ನಿನ ಮುಚ್ಚಳ ತೆಗೆದು, ಎಲ್ಲಿ ಸಹಿ ಎಂದು ಬೆರಳಿಟ್ಟು ತೋರಿಸಿದರು. ಬಾವ ಹಾಕಿದರು.